ಹನ್ನೊಂದನೇ ಕಂಬದ ದನಿ

ಮೂಡಿಗೆರೆ ಬಸ್‌ಸ್ಟ್ಯಾಂಡಿನ ಹತ್ತಿರ, ಟೈಲರ್ ಅಂಗಡಿಯ ಮೇಲಿನ ಎರಡು ಕೋಣೆಗಳಲ್ಲಿ ನಮ್ಮ ಆಫೀಸು. ನಾನು ಅಲ್ಲಿ ಕೆಲಸಕ್ಕೆ ಸೇರಿ ಎಂಟು ತಿಂಗಳಾಗಿತ್ತು. ಕಾಡಾನೆ ಓಡಾಡುವ ಕಾಫಿ ಎಸ್ಟೇಟುಗಳಲ್ಲಿ ಎಚ್ಚರಿಕೆ ಕೊಡುವ ಡಬ್ಬಿಗಳನ್ನು ಕಂಬಕ್ಕೆ ಕಟ್ಟಿ, ಅವು ಕೆಡದಂತೆ ನೋಡಿಕೊಳ್ಳುವುದು ನಮ್ಮ ಕಸುಬು. ತೋಟದ ಮೇಸ್ತ್ರಿ ಆನೆ ಕಂಡ ತಕ್ಷಣ ತನ್ನ ಮೊಬೈಲಿನಲ್ಲಿ ಒಂದು ಗುಂಡಿ ಒತ್ತುತ್ತಾನೆ. ಸುತ್ತಲಿನ ಕಂಬಗಳ ಮೇಲೆ ಕೆಂಪು ದೀಪ ಮಿನುಗುತ್ತದೆ, ಹೂಟರ್ ಕೂಗುತ್ತದೆ, ಸ್ಪೀಕರಿನಿಂದ ಮಾತು ಬರುತ್ತದೆ. ಹಣ್ಣು ಕೊಯ್ಯುತ್ತಿದ್ದವರು ಗಿಡ ಬಿಟ್ಟು ರಸ್ತೆಗೆ ಬರುತ್ತಾರೆ. ಕೂಲಿಯವರ ಲೈನ್ ಮನೆಗಳಲ್ಲಿ ಬಾಗಿಲುಗಳು ಮುಚ್ಚಿಕೊಳ್ಳುತ್ತವೆ.

ಕಂಬ ಹತ್ತುವುದು ನನ್ನ ಕೆಲಸವಲ್ಲ. ಆಫೀಸಿನಲ್ಲಿ ಕೂತು ಇಂಟರ್ನೆಟ್ ಮೂಲಕ ಡಬ್ಬಿಗಳ ಒಳಗಿನ ಫೈಲುಗಳನ್ನು ನೋಡಿಕೊಳ್ಳುವುದು ನನ್ನದು. ಪ್ರತಿ ಡಬ್ಬಿಯಲ್ಲೂ ಅಂಗೈ ಅಗಲದ ಒಂದು ಕಂಪ್ಯೂಟರು, ಅದರಲ್ಲಿ ಒಂದು ಸೆಟ್ಟಿಂಗ್ಸ್ ಫೈಲು ಇರುತ್ತದೆ. ಎಕ್ಸ್‌ಎಂಎಲ್ ಎಂಬ ಕ್ರಮದಲ್ಲಿ ಬರೆದ ಫೈಲು ಅದು. ಹೆಸರು ಕೇಳಿ ಹೆದರಬೇಕಾಗಿಲ್ಲ. ಡಬ್ಬಿಗೆ ಹೇಳಬೇಕಾದ ಒಂದೊಂದು ಸಂಗತಿಯನ್ನೂ ಎರಡು ಚೀಟಿಗಳ ನಡುವೆ ಇಟ್ಟಿರುತ್ತಾರೆ, ಅಷ್ಟೇ. ಆ ಚೀಟಿಗೆ ಟ್ಯಾಗ್ ಅನ್ನುತ್ತೇವೆ. ಕಂಬದ ನಂಬರಿಗೊಂದು ಟ್ಯಾಗ್, ಎಷ್ಟು ಜೋರಾಗಿ ಕೂಗಬೇಕು ಅನ್ನುವುದಕ್ಕೊಂದು, ಎಷ್ಟು ಸಲ ಅನ್ನುವುದಕ್ಕೊಂದು, ಯಾವ ದನಿಯಲ್ಲಿ ಕೂಗಬೇಕು ಅನ್ನುವುದಕ್ಕೊಂದು.

ಆ ವರ್ಷ ದೀಪಾವಳಿ ಕಳೆದ ಮೇಲೆ ಡಬ್ಬಿಗಳಿಗೆಲ್ಲ ಹೊಸ ಸಾಫ್ಟ್‌ವೇರ್ ಹಾಕುವುದೆಂದಾಯಿತು. ಹಳೆಯದಕ್ಕೆ ಒಂದೆರಡು ಟ್ಯಾಗ್ ಇಲ್ಲದಿದ್ದರೂ ನಡೆಯುತ್ತಿತ್ತು, ಇದ್ದದ್ದನ್ನೇ ಇಟ್ಟುಕೊಂಡು ಕೆಲಸ ಮಾಡುತ್ತಿತ್ತು. ಹೊಸದು ಹಾಗಲ್ಲ. ಒಂದು ಟ್ಯಾಗ್ ಕಾಣೆಯಾದರೂ ಡಬ್ಬಿ ಏಳುವುದೇ ಇಲ್ಲ. ಆನೆ ಬಂದಾಗ ಏಳದ ಡಬ್ಬಿಯಿಂದ ಯಾರಿಗೇನು ಪ್ರಯೋಜನ? ಅದಕ್ಕೆ ನಾನೊಂದು ಸಣ್ಣ ಪ್ರೋಗ್ರಾಂ ಬರೆದೆ. ಅದು ಒಂದೊಂದೇ ಫೈಲು ತೆರೆದು ನೋಡುತ್ತದೆ. ಇರಬೇಕಾದ ಟ್ಯಾಗ್ ಇದ್ದರೆ ಮುಟ್ಟುವುದಿಲ್ಲ. ಇಲ್ಲದಿದ್ದರೆ ತಾನೇ ಸೇರಿಸುತ್ತದೆ. ದನಿಯ ಟ್ಯಾಗ್ ಇಲ್ಲದಿದ್ದರೆ, ಅದೇ ಡಬ್ಬಿಯಲ್ಲಿ ಯಾವ ಧ್ವನಿಮುದ್ರಣ ಇದೆಯೋ ಅದರ ಹೆಸರು ಬರೆಯುತ್ತದೆ. ದಿನಾ ಬೆಳಿಗ್ಗೆ ಆರಕ್ಕೆ ತಾನಾಗಿಯೇ ಓಡಿ, ಏನೇನು ಸೇರಿಸಿದೆ ಎಂದು ನನ್ನ ಮೊಬೈಲಿಗೆ ವರದಿ ಕಳಿಸುವ ಹಾಗೆ ಮಾಡಿಟ್ಟೆ.

ಮೊದಲ ದಿನದ ವರದಿ ಉದ್ದವಾಗಿತ್ತು. ಬಣಕಲ್ ಕಡೆಯ ಡಬ್ಬಿಗಳಲ್ಲಿ ಒಂದು, ಸಂಸೆಯಲ್ಲಿ ಎರಡು, ಹೀಗೆ ಅಲ್ಲಲ್ಲಿ ಕಾಣೆಯಾಗಿದ್ದ ಟ್ಯಾಗ್‌ಗಳೆಲ್ಲ ಸೇರಿಕೊಂಡಿದ್ದವು. ಕೊನೆಯ ಹತ್ತಿರ ಒಂದು ಸಾಲು: ಗೋಣಿಬೀಡಿನ ಆಚೆಯ ಎಸ್ಟೇಟು, ಹನ್ನೊಂದನೇ ಕಂಬ. ದನಿ ಇರಲಿಲ್ಲ, ಸೇರಿಸಲಾಗಿದೆ. ನಾನು ಚಹಾ ಕುಡಿಯುತ್ತಾ ಅದನ್ನೂ ಓದಿ ಮುಂದಿನ ಸಾಲಿಗೆ ಹೋದೆ. ನಮ್ಮ ಆಫೀಸಿನ ಯಜಮಾನರು ವರದಿ ನೋಡಿ, "ಭೇಷ್ ಮಾರಾಯ್ತಿ, ಒಂದು ವಾರದ ಓಡಾಟ ಉಳಿಸಿದೆ" ಅಂದರು. ನನಗೂ ಖುಷಿಯಾಗಿತ್ತು, ಸುಳ್ಳು ಹೇಳುವುದಿಲ್ಲ.

ಮೂರನೇ ದಿನ ಬೆಳಿಗ್ಗೆ ಆ ಎಸ್ಟೇಟಿನ ರೈಟರ್ ಫೋನ್ ಮಾಡಿದರು. ತೋಟದ ಆಫೀಸು ನೋಡಿಕೊಳ್ಳುವ ಗುಮಾಸ್ತರನ್ನು ನಮ್ಮಲ್ಲಿ ರೈಟರ್ ಅನ್ನುವುದು. ಅರವತ್ತರ ಹತ್ತಿರದ, ಮೆಲ್ಲಗೆ ಮಾತಾಡುವ ಮನುಷ್ಯ. ಅಲ್ಲಿಯವರೆಗೆ ನಾನು ಅವರನ್ನು ಕಂಡಿರಲಿಲ್ಲ.

"ಮೇಡಂ, ಹನ್ನೊಂದನೇ ಕಂಬಕ್ಕೆ ಏನ್ ಮಾಡಿದ್ರಿ?"

"ಏನಾಯ್ತು ಸರ್? ಕೆಟ್ಟಿದ್ಯಾ?"

"ಇಲ್ಲ. ಅದು ಮಾತಾಡ್ತು."

ನಾನು ನಕ್ಕೆ. "ಮಾತಾಡ್ಲೇಬೇಕಲ್ಲ ಸರ್. ಅದ್ರಲ್ಲಿ ದನಿ ಟ್ಯಾಗೇ ಇರ್ಲಿಲ್ಲ. ಬರೀ ಹೂಟರ್ ಕೂಗ್ತಿತ್ತು. ನಾನು ಸೇರಿಸ್ದೆ, ಈಗ ಸರಿಯಾಗಿದೆ."

ಆ ಕಡೆ ಬಾಗಿಲು ಮುಚ್ಚಿದ ಸದ್ದು ಕೇಳಿತು.

"ಸರಿಯಾಗಿದೆ ಅಂತೀರಾ," ಅಂದರು ರೈಟರ್. "ಒಂದ್ಸಲ ಇಲ್ಲಿಗೆ ಬಂದ್ಹೋಗಿ ಮೇಡಂ. ಫೋನಲ್ಲಿ ಹೇಳೋದಲ್ಲ ಇದು."

ಮರುದಿನ ಮೊದಲ ಬಸ್ಸಿಗೆ ಹೊರಟೆ. ಗೋಣಿಬೀಡಿನಲ್ಲಿ ಇಳಿದಾಗ ಮಂಜು ಇನ್ನೂ ಎದ್ದಿರಲಿಲ್ಲ. ಅಂಗಡಿಗಳ ಎದುರಿನ ಬಲ್ಬುಗಳು ಹಗಲಲ್ಲೂ ಉರಿಯುತ್ತಿದ್ದವು. ಎಸ್ಟೇಟಿನ ಜೀಪು ಬಂದಿತ್ತು. ಆಫೀಸಿನ ಮುಂದೆ ಕಾಯುತ್ತಿದ್ದ ರೈಟರ್ ನನ್ನನ್ನು ಒಳಗೆ ಕರೆಯಲಿಲ್ಲ, ಕಾಫಿ ಕೊಡಲಿಲ್ಲ. "ನಡೀರಿ, ಮೊದ್ಲು ಕಂಬ ನೋಡೋಣ" ಎಂದು ಮುಂದೆ ಹೊರಟರು.

ಕಂಬ ಇದ್ದದ್ದು ಲೈನ್ ಮನೆಗಳು ಮುಗಿದು ತೋಟ ಶುರುವಾಗುವ ಕಡೆ. ದಾರಿಯ ಎರಡು ಬದಿಯಲ್ಲೂ ಹಣ್ಣು ಬಿಟ್ಟ ಗಿಡಗಳು, ಅವುಗಳ ಮೇಲೆ ಸಿಲ್ವರ್ ಓಕ್ ಮರಗಳು. ಹತ್ತು ಮಾರಿನ ಆಚೆಯ ಮರ ಕಾಣುತ್ತಿರಲಿಲ್ಲ. ಮಂಜಿನ ಒಳಗೆಲ್ಲೋ ಕೊಯ್ಲಿನ ಹೆಂಗಸರ ಮಾತು ಕೇಳಿಸುತ್ತಿತ್ತು, ಹೆಂಗಸರು ಕಾಣುತ್ತಿರಲಿಲ್ಲ. ನಾವು ಲೈನ್ ಮನೆಗಳನ್ನು ದಾಟುವಷ್ಟರಲ್ಲಿ ರೈಟರ ಜೇಬಿನಲ್ಲಿ ಮೊಬೈಲು ಕಿರುಗುಟ್ಟಿತು. ಮೇಲಿನ ಬ್ಲಾಕಿನಿಂದ ಮೇಸ್ತ್ರಿ ಗುಂಡಿ ಒತ್ತಿದ್ದ.

ಹೂಟರ್ ಕೂಗಿತು. ಅದು ನಿಂತ ಮೇಲೆ ಒಬ್ಬ ಹೆಂಗಸಿನ ದನಿ ಬಂತು.

"ಆನೆ ಬಂದಿದೆ ಕಣ್ರೇ. ಯಾರೂ ಹೊರಗೆ ಬರ್ಬೇಡಿ. ಬಾಗ್ಲು ಹಾಕ್ಕೊಳ್ಳಿ. ಅವ್ವಾ, ನೀನೂ ಒಳಗಿರು."

ನಮ್ಮ ಡಬ್ಬಿಗಳಲ್ಲಿ ಇರುವುದು ರೇಡಿಯೋದವರಂತೆ ಓದಿದ ಒಂದು ಗಂಡು ದನಿ. ಇದು ಅದಲ್ಲ. ಗುಡ್ಡದ ಮೇಲಿನಿಂದ ಯಾರನ್ನೋ ಕೂಗಿ ಕರೆಯುವವಳ ದನಿ, ಕೊನೆಯ ಮಾತಿನಲ್ಲಿ ತಡೆದುಕೊಂಡ ನಗು. ಮಂಜಿನಲ್ಲಿ ಅದು ಕಂಬದಿಂದ ಬಂತು ಅನ್ನಿಸಲೇ ಇಲ್ಲ. ಪಕ್ಕದ ಗಿಡದ ಮರೆಯಲ್ಲಿ ಆಕೆ ನಿಂತಿದ್ದಾಳೆ ಅನ್ನಿಸಿತು. ನಾನು ತಿರುಗಿಯೂ ನೋಡಿದೆ.

ತೋಟದೊಳಗಿನ ಮಾತುಗಳೆಲ್ಲ ಒಂದೇ ಸಲ ನಿಂತುಹೋದವು. ಕೊಯ್ಲಿನವರು ಒಬ್ಬೊಬ್ಬರಾಗಿ ದಾರಿಗೆ ಬಂದರು. ಆನೆ ಬಂತೆಂದರೆ ಗಡಿಬಿಡಿ ಇರುತ್ತದೆ, ಒಬ್ಬರನ್ನೊಬ್ಬರು ಕೂಗಿ ಕರೆಯುತ್ತಾರೆ. ಅವರು ಹಾಗೆ ಮಾಡಲಿಲ್ಲ. ಯಾರೂ ಕಂಬದ ಕಡೆ ನೋಡಲಿಲ್ಲ. ಒಬ್ಬಾಕೆ ಸೆರಗಿನಿಂದ ಎರಡೂ ಕಿವಿ ಮುಚ್ಚಿಕೊಂಡಿದ್ದಳು.

"ಅಜ್ಜಿ ಎಲ್ಲಿ?" ರೈಟರ್ ಕೂಗಿದರು. "ಅಜ್ಜಿ ಒಳಗಿದ್ದಾರಾ ನೋಡ್ರೋ!"

ಲೈನಿನ ಕೊನೆಯ ಮನೆಯ ಬಾಗಿಲು ತೆರೆದಿತ್ತು. ರೈಟರ್ ಓಡತೊಡಗಿದರು. ಆ ವಯಸ್ಸಿನವರು ಹಾಗೆ ಓಡುವುದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. ಯಾಕೆ ಎತ್ತ ಎಂದು ತಿಳಿಯದೆ ನಾನೂ ಅವರ ಹಿಂದೆ ಓಡಿದೆ.

ಕಂಬದ ಬುಡದಲ್ಲಿ ಒಬ್ಬ ಮುದುಕಿ ನಿಂತಿದ್ದರು. ಹೆಗಲ ಮೇಲೆ ಕಂಬಳಿ, ಬರಿಗಾಲು. ಒಂದು ಕೈಯಲ್ಲಿ ಕಂಬ ಹಿಡಿದು, ಕತ್ತೆತ್ತಿ ಸ್ಪೀಕರನ್ನೇ ನೋಡುತ್ತಿದ್ದರು. ಕೆಂಪು ದೀಪ ಅವರ ಮುಖದ ಮೇಲೆ ಬಂದು ಬಂದು ಹೋಗುತ್ತಿತ್ತು. ನಮ್ಮ ಡಬ್ಬಿ ಒಂದೇ ಮಾತನ್ನು ಮೂರು ಸಲ ಹೇಳುತ್ತದೆ. ಅದು ಎರಡನೇ ಸಲ ಹೇಳಿ ಮುಗಿಸಿತು.

"ಅವ್ವಾ, ನೀನೂ ಒಳಗಿರು."

"ನೀ ಮೊದ್ಲು ಬಾ ಮಗಾ," ಅಂದರು ಅಜ್ಜಿ. ಜಗಳವಿಲ್ಲ, ಅಳುವಿಲ್ಲ, ದಿನಾ ಆಡುವ ಮಾತಿನ ಹಾಗೆ. "ನೀ ಹೊರಗೇ ನಿಂತ್ಕಂಡು ನನ್ನ ಒಳಗಿರು ಅಂದ್ರೆ ಹೆಂಗೆ? ಚಳಿ ಅದೆ. ಬಾ."

ಆಗಲೇ ಗಿಡಗಳ ಆಚೆ ಕೊಂಬೆಯೊಂದು ಮುರಿದ ಸದ್ದಾಯಿತು. ಎರಡು ಸಿಲ್ವರ್ ಓಕುಗಳ ನಡುವೆ ಮಂಜು ಒಂದು ಕಡೆ ದಟ್ಟವಾಗಿ, ಕಪ್ಪಾಗಿ ಇತ್ತು. ನಾನು ಅದನ್ನೇ ನೋಡುತ್ತಿದ್ದೆ. ಕಪ್ಪು ಪಕ್ಕಕ್ಕೆ ಸರಿಯಿತು. ಅದರ ಹಿಂದೆ ಇನ್ನೊಂದು. ಹೆಜ್ಜೆಯ ಸದ್ದು ಒಂದೂ ಇರಲಿಲ್ಲ.

ನನ್ನ ಪಕ್ಕದಿಂದ ಒಬ್ಬ ಗಂಡಸು ಸದ್ದಿಲ್ಲದೆ ಮುಂದೆ ಹೋದ. ನಲವತ್ತರ ಆಸುಪಾಸಿನವನು, ಕೈಯಲ್ಲಿ ಕೊಯ್ಲಿನ ಕುಕ್ಕೆ ಇನ್ನೂ ಇತ್ತು. ಅಜ್ಜಿಯನ್ನು ಎಳೆಯಲಿಲ್ಲ, ಗದರಲಿಲ್ಲ. ಕಿವಿಯ ಹತ್ತಿರ ಬಾಗಿ, "ಅತ್ತೆ, ಅವ್ಳು ಹಿಂದ್ಗಡೆ ಬಾಗ್ಲಿಂದ ಮನೆಗೆ ಬಂದಳು. ನಿಮ್ಮನ್ನೇ ಕಾಯ್ತಾ ಇದಾಳೆ, ಬನ್ನಿ" ಅಂದ.

ಅಜ್ಜಿ ಅವನ ಮುಖ ನೋಡಿದರು. "ಬಂದ್ಳಾ?"

"ಬಂದ್ಳು. ಬನ್ನಿ."

ಅವರು ಅವನ ಕೈ ಹಿಡಿದು ನಡೆದರು. ಡಬ್ಬಿ ಮೂರನೇ ಸಲ ಹೇಳಿತು. ಅಜ್ಜಿ ಒಮ್ಮೆ ನಿಂತು ಹಿಂತಿರುಗಿ ನೋಡಿದರು, ಆಮೇಲೆ ಅಳಿಯನ ಜೊತೆ ಮುಂದೆ ಹೋದರು.

ಆನೆಗಳು ಕೆರೆಯ ಕಡೆ ಇಳಿದು ಹೋದವೆಂದು ಮೇಸ್ತ್ರಿಯ ಫೋನ್ ಬಂದ ಮೇಲೆ ನಾವು ಎಸ್ಟೇಟ್ ಆಫೀಸಿಗೆ ಬಂದೆವು. ಆಗ ರೈಟರ್ ಕಾಫಿ ತರಿಸಿದರು. ಲೋಟ ನನ್ನ ಕೈಗೆ ಕೊಟ್ಟು ಕಿಟಕಿಯ ಕಡೆ ತಿರುಗಿದರು.

ಡಬ್ಬಿ ಹಾಕಿದ ಹೊಸದರಲ್ಲಿ ಆ ರೇಡಿಯೋ ದನಿಗೆ ಇಲ್ಲಿ ಯಾರೂ ಕಿವಿ ಕೊಡುತ್ತಿರಲಿಲ್ಲವಂತೆ. "ದಯವಿಟ್ಟು ಸುರಕ್ಷಿತ ಸ್ಥಳಕ್ಕೆ ತೆರಳಿ" ಅಂದರೆ ಹೆಂಗಸರು ನಗುತ್ತಿದ್ದರು. ಅದಕ್ಕೆ ರೈಟರೇ ಒಂದು ಉಪಾಯ ಮಾಡಿದರು. ಅಜ್ಜಿಯ ಮಗಳದು ತೋಟಕ್ಕೆಲ್ಲ ಗೊತ್ತಿದ್ದ ದನಿ. ಮೇಲಿನ ಬ್ಲಾಕಿನಲ್ಲಿ ನಿಂತು ಕೂಗಿದರೆ ಕೆಳಗಿನ ಕಣದಲ್ಲಿ ಕಾಫಿ ಹರಡುವವರಿಗೆ ಕೇಳುತ್ತಿತ್ತು. ಅವಳಿಂದಲೇ ಹೇಳಿಸಿ, ಗಂಡು ದನಿ ತೆಗೆಸಿ ಆ ಕಂಬಕ್ಕೆ ಅದನ್ನು ಹಾಕಿಸಿದರು. ಧ್ವನಿಮುದ್ರಣ ಮಾಡುವಾಗ ಅಜ್ಜಿ ಅಲ್ಲೇ ಅಂಗಳದಲ್ಲಿ ನಿಂತು ನೋಡುತ್ತಿದ್ದರು. ಅವರನ್ನು ರೇಗಿಸಲು ಅವಳು ಕೊನೆಯಲ್ಲಿ ಆ ಒಂದು ಮಾತು ಸೇರಿಸಿದಳು. ಎಲ್ಲರೂ ನಕ್ಕರು. ಅದೂ ಇರಲಿ ಎಂದು ಬಿಟ್ಟರು.

"ಹೋದ ವರ್ಷದ ಮಳೆಗಾಲಕ್ಕೆ ಮೊದ್ಲು ಅವ್ಳಿಗೆ ಕಾಮಾಲೆ ಆಯ್ತು," ಅಂದರು ರೈಟರ್. "ಹದಿನೈದು ದಿನ. ಅಷ್ಟೇ. ಅಜ್ಜಿಗೆ ಮೊದ್ಲೇ ಮರೆವಿತ್ತು, ಮಗ್ಳು ಹೋದ್ಮೇಲೆ ಜಾಸ್ತಿಯಾಯ್ತು. ಹೋಗಿದಾಳೆ ಅನ್ನೋದು ಒಂದೊಂದ್ ದಿನ ನೆನಪಿರುತ್ತೆ, ಒಂದೊಂದ್ ದಿನ ಇಲ್ಲ. ಆನೆ ಬಂದಾಗೆಲ್ಲ ಕಂಬ ಕೂಗೋದು, ಅಜ್ಜಿ ಎದ್ದು ಹೋಗೋದು. ಎಲ್ರೂ ಒಳಗೆ ಓಡಿದ್ರೆ ಅವ್ರೊಬ್ರೇ ಹೊರಗೆ. ಒಂದ್ಸಲ ಆನೆ ಅವ್ರಿಂದ ಈ ಗೋಡೆಯಷ್ಟು ದೂರದಲ್ಲಿತ್ತು ಮೇಡಂ. ಅವತ್ತೇ ನಿಮ್ಮಲ್ಲಿ ಮೊದ್ಲಿದ್ದ ಟೆಕ್ನಿಷಿಯನ್ನ ಕರ್ಸಿ ಆ ದನಿ ತೆಗೆಸ್ದೆ. ಸುಮ್ನಿತ್ತು. ಈಗ ನೀವು..."

ಮಾತನ್ನು ಅವರು ಅಲ್ಲಿಗೇ ಬಿಟ್ಟರು. ಬೈದಿದ್ದರೆ ನನಗೆ ಹಗುರಾಗುತ್ತಿತ್ತು.

ಆ ಟೆಕ್ನಿಷಿಯನ್ ನಮ್ಮಲ್ಲಿ ಕೆಲಸ ಬಿಟ್ಟು ಚಿಕ್ಕಮಗಳೂರಿನಲ್ಲಿ ಟ್ಯಾಕ್ಸಿ ಓಡಿಸುತ್ತಿದ್ದ. ಎಸ್ಟೇಟ್ ಆಫೀಸಿನಿಂದಲೇ ಅವನಿಗೆ ಫೋನ್ ಮಾಡಿದೆ. "ಹೌದು, ಆ ಟ್ಯಾಗ್ ನಾನೇ ತೆಗ್ದಿದ್ದು. ಟ್ಯಾಗ್ ಇಲ್ದಿದ್ರೆ ಬರೀ ಹೂಟರ್ ಕೂಗ್ತಿತ್ತಲ್ಲ, ಅಷ್ಟು ಸಾಕಿತ್ತು" ಅಂದ.

"ಧ್ವನಿ ಫೈಲನ್ನೂ ಅಳಿಸ್ಬೇಕಿತ್ತಲ್ವಾ?"

"ಅಳಿಸೋಣ ಅಂತ ಕೂತೆ. ಕೈ ಬರ್ಲಿಲ್ಲ. ಯಾರೋ ವಾಪಸ್ ಹಾಕ್ತಾರೆ ಅಂತ ನಂಗೇನ್ ಗೊತ್ತು?"

ಅವನು ಎಲ್ಲೂ ಏನನ್ನೂ ಬರೆದಿಟ್ಟಿರಲಿಲ್ಲ. ಬರೆದಿದ್ದರೂ ನನ್ನ ಪ್ರೋಗ್ರಾಂ ಅದನ್ನು ಓದುತ್ತಿರಲಿಲ್ಲ. ಅದಕ್ಕೆ ಗೊತ್ತಿದ್ದದ್ದು ಎರಡೇ, ಇದೆ ಮತ್ತು ಇಲ್ಲ. ಬೇಡವೆಂದು ತೆಗೆದದ್ದೂ ಅದರ ಕಣ್ಣಿಗೆ ಕಾಣೆಯಾದದ್ದೇ.

ನಾನು ಅಲ್ಲೇ ಲ್ಯಾಪ್‌ಟಾಪ್ ತೆರೆದು ಹನ್ನೊಂದನೇ ಕಂಬದ ಫೈಲಿನಿಂದ ದನಿಯ ಟ್ಯಾಗನ್ನು ತೆಗೆದೆ. ಹೊಸ ಸಾಫ್ಟ್‌ವೇರ್ ಒಪ್ಪಲಿಕ್ಕಿಲ್ಲವೆಂದು ಆ ಒಂದು ಡಬ್ಬಿಗೆ ಹಳೆಯದನ್ನೇ ವಾಪಸ್ ಹಾಕಿದೆ. ಪರೀಕ್ಷೆಗೆ ಒಮ್ಮೆ ಓಡಿಸಿದಾಗ ದೀಪ ಮಿನುಗಿತು, ಹೂಟರ್ ಕೂಗಿತು, ಮಾತು ಬರಲಿಲ್ಲ. ರೈಟರಿಗೆ ತಪ್ಪಾಯಿತೆಂದು ಹೇಳಿ, ಮೂರು ಗಂಟೆಯ ಬಸ್ಸಿಗೆ ಮೂಡಿಗೆರೆಗೆ ಬಂದೆ.

ಮರುದಿನ ಬೆಳಿಗ್ಗೆ ಹಲ್ಲುಜ್ಜುತ್ತಿದ್ದಾಗ ಮೊಬೈಲಿಗೆ ವರದಿ ಬಂತು. ಒಂದೇ ಸಾಲಿನ ವರದಿ.

ಹನ್ನೊಂದನೇ ಕಂಬ. ದನಿ ಇರಲಿಲ್ಲ, ಸೇರಿಸಲಾಗಿದೆ.

ಆ ಸಾಲನ್ನು ಬರೆದವಳು ನಾನು, ಬೆಳಿಗ್ಗೆ ಆರಕ್ಕೆ ಓಡು ಎಂದು ಹೇಳಿದವಳೂ ನಾನೇ. ಟ್ಯಾಗ್ ತೆಗೆದೆನೇ ಹೊರತು ಅದನ್ನು ಸೇರಿಸುವ ಕೈಯನ್ನು ನಿಲ್ಲಿಸಿರಲಿಲ್ಲ. ಕಾರಣ ಇಷ್ಟು ಸ್ಪಷ್ಟವಾಗಿದ್ದರೂ, ಆ ಹೊತ್ತಿಗೆ ಅನ್ನಿಸಿದ್ದೇ ಬೇರೆ. ಅವಳೇ ಹಟ ಹಿಡಿದು ಮತ್ತೆ ಬಂದು ನಿಂತಿದ್ದಾಳೆ ಅನ್ನಿಸಿತು. ಬಚ್ಚಲಿನ ಬಾಗಿಲು ತೆರೆದಿಟ್ಟೇ ಮುಖ ತೊಳೆದೆ.

ರೈಟರಿಗೆ ಫೋನ್ ಮಾಡಿದರೆ ಸ್ವಿಚ್ ಆಫ್. ಆಫೀಸಿಗೆ ಓಡಿ, ಬಾಗಿಲು ತೆಗೆದು, ಕಂಪ್ಯೂಟರ್ ಹಾಕುವಷ್ಟರಲ್ಲಿ ಏಳೂವರೆ. ಯಾವ ಹೊತ್ತಿಗೆ ಏನು ಮಾಡಿತೆಂದು ಡಬ್ಬಿ ತಾನೇ ಬರೆದಿಡುವ ದಿನಚರಿ ನೋಡಿದೆ. ಏಳು ಗಂಟೆ ಹತ್ತು ನಿಮಿಷಕ್ಕೆ ಮೇಸ್ತ್ರಿ ಗುಂಡಿ ಒತ್ತಿದ್ದ. ಹನ್ನೊಂದನೇ ಕಂಬ ಮೂರು ಸಲ ಮಾತಾಡಿತು ಎಂದು ಬರೆದಿತ್ತು. ಪ್ರೋಗ್ರಾಂ ನಿಲ್ಲಿಸಿ, ಟ್ಯಾಗ್ ತೆಗೆದು, ಕೈ ಕಟ್ಟಿಕೊಂಡು ಕೂತೆ. ಇನ್ನೇನು ಮಾಡಲೂ ತೋಚಲಿಲ್ಲ. ಎಂಟೂಮುಕ್ಕಾಲಿಗೆ ರೈಟರ ಫೋನ್ ತಾನಾಗಿಯೇ ಬಂತು.

"ಸರ್, ಅಜ್ಜಿ..."

"ಅಜ್ಜಿ ಮನೇಲಿದಾರೆ, ಗಂಜಿ ಕುಡೀತಾ ಇದಾರೆ. ಯಾಕೆ?"

"ಕಂಬ ಮಾತಾಡ್ಲಿಲ್ವಾ?"

"ಹೇಗ್ ಮಾತಾಡುತ್ತೆ? ನಿನ್ನೆ ನೀವು ಹೋದ್ಮೇಲೆ ಏಣಿ ಹಾಕಿ ಸ್ಪೀಕರ್ ವೈರೇ ಕಿತ್ತು ಇಟ್ಟಿದೀನಿ. ಬೇಜಾರು ಮಾಡ್ಕೋಬೇಡಿ ಮೇಡಂ, ನಿಮ್ಮ ಕಂಪ್ಯೂಟರ್ ಮೇಲೆ ನಂಗೆ ನಂಬ್ಕೆ ಬರ್ಲಿಲ್ಲ."

ನಾನು ಫೋನ್ ಇಟ್ಟು ಅತ್ತುಬಿಟ್ಟೆ. ಆಮೇಲೆ ಬಂದ ಯಜಮಾನರು ಏನೆಂದು ಕೇಳಿ, ಎಲ್ಲ ತಿಳಿದ ಮೇಲೆ ಪ್ರೋಗ್ರಾಂ ನಿಂತಿದೆಯೇ ಎಂದು ತಾವೇ ನೋಡಿದರು. ಆ ಡಬ್ಬಿ ಬೆಳಿಗ್ಗೆ ಏಳು ಹತ್ತಕ್ಕೆ, ಬಾಯಿ ಕಟ್ಟಿದವರಂತೆ, ಯಾರಿಗೂ ಕೇಳದ ಹಾಗೆ ಮೂರು ಸಲ ಅದೇ ಮಾತು ಹೇಳಿದ್ದು ನನ್ನ ತಲೆಯಿಂದ ಹೋಗಲಿಲ್ಲ. ಈಗಲೂ ಪೂರ್ತಿ ಹೋಗಿಲ್ಲ.

ಒಂದು ವಾರ ಕೂತು ಪ್ರೋಗ್ರಾಂ ತಿದ್ದಿದೆ. ಏನಾದರೂ ಕಾಣೆಯಾಗಿದ್ದರೆ ಅದು ಈಗ ತಾನಾಗಿ ಸೇರಿಸುವುದಿಲ್ಲ. ಇಂಥದ್ದು ಇಲ್ಲ, ಸೇರಿಸಲೇ ಎಂದು ಮೊದಲು ಕೇಳುತ್ತದೆ. ನಾವು ತೋಟಕ್ಕೆ ಫೋನ್ ಮಾಡಿ ವಿಚಾರಿಸಿ ಹೂಂ ಅಂದ ಮೇಲೆ ಮುಂದಿನ ಮಾತು. ಬೇಡವೆಂದು ತೆಗೆದ ಕಡೆ ಟ್ಯಾಗನ್ನು ಖಾಲಿ ಇಟ್ಟು, ಯಾರು ಯಾಕೆ ತೆಗೆಸಿದರು ಎಂದು ಪಕ್ಕದಲ್ಲೇ ಬರೆದಿಡುತ್ತೇವೆ. ಕೆಲಸ ನಿಧಾನವಾಯಿತು ಎಂದು ಯಜಮಾನರು ಆಗಾಗ ಗೊಣಗುತ್ತಾರೆ, ಬದಲಾಯಿಸು ಎಂದು ಮಾತ್ರ ಹೇಳಿಲ್ಲ.

ಹನ್ನೊಂದನೇ ಕಂಬಕ್ಕೆ ಹೊಸ ದನಿ ಬೇಕಿತ್ತು. ನಾನು ಮತ್ತೆ ಹೋದೆ. ಅಳಿಯನೇ ಹೇಳಲು ಒಪ್ಪಿದ. ಅವನದು ಸಣ್ಣ ದನಿ, ನಾಲ್ಕು ಸಲ ಹೇಳಿಸಬೇಕಾಯಿತು. ಮುಗಿದ ಮೇಲೆ ಹಳೆಯ ಮುದ್ರಣವನ್ನು ಏನು ಮಾಡಲಿ, ನಿಮ್ಮ ಫೋನಿಗೆ ಹಾಕಿಕೊಡಲೇ ಎಂದು ಕೇಳಿದೆ.

ಅವನು ಚಪ್ಪಲಿಗೆ ಅಂಟಿದ್ದ ಮಣ್ಣನ್ನು ಮೆಟ್ಟಿಲಿಗೆ ಕೆರೆಯುತ್ತಾ ನಿಂತ. "ನಂಗೆ ಬೇಡ ಅಕ್ಕ. ಇಟ್ಕಂಡ್ರೆ ಕೇಳ್ತೀನಿ. ಕೇಳಿದ್ರೆ ಅತ್ತೆಗೂ ಕೇಳುತ್ತೆ."

"ಹಾಗಾದ್ರೆ ಅಳಿಸ್ಬಿಡ್ಲಾ?"

"ಅಳಿಸ್ಬೇಡಿ. ನಿಮ್ಮತ್ರಾನೇ ಇರ್ಲಿ."

ಡಬ್ಬಿಯಿಂದ ತೆಗೆದು ನಮ್ಮ ಆಫೀಸಿನ ಕಂಪ್ಯೂಟರಿನಲ್ಲಿ ಇಟ್ಟೆ. ಯಾರೂ ಅದನ್ನು ಹಾಕಿ ಕೇಳಿಲ್ಲ.

ಕಾಫಿ ಹೂ ಬಿಡಿಸುವ ಹೂಮಳೆಯ ಹೊತ್ತಿಗೆ, ತೋಟದಲ್ಲೆಲ್ಲ ಬಿಳಿ ಹೂವಿನ ವಾಸನೆ ತುಂಬಿದ್ದಾಗ, ರೈಟರ್ ಮತ್ತೊಮ್ಮೆ ಫೋನ್ ಮಾಡಿದರು. ಏನೋ ಮುಜುಗರದಿಂದ ಮಾತಾಡುತ್ತಿದ್ದರು.

"ಮೇಡಂ, ಇವತ್ತು ಹನ್ನೊಂದನೇ ಕಂಬ ಮಾತಾಡಿದ್ಯಾ, ಸ್ವಲ್ಪ ನೋಡ್ತೀರಾ?"

"ಯಾಕೆ ಸರ್?"

ಮಧ್ಯಾಹ್ನದ ಊಟ ಮುಗಿಸಿ ಹೆಂಗಸರು ಲೈನಿನ ಮುಂದೆ ಕೂತಿದ್ದರಂತೆ. ಅಜ್ಜಿಯೂ ಬಿಸಿಲಲ್ಲಿ ಕೂತಿದ್ದರು. ಇದ್ದಕ್ಕಿದ್ದಂತೆ ಎದ್ದು, ಎಲ್ಲರೂ ಒಳಗೆ ನಡೀರಿ, ಮಗಳು ಹೇಳಿದಳು ಎಂದು ಗದರಿ, ತಾವೂ ಒಳಗೆ ಹೋಗಿ ಅಗುಳಿ ಹಾಕಿಕೊಂಡರು. ಹೆಂಗಸರು ಅವರ ಸಮಾಧಾನಕ್ಕೆಂದು ಎದ್ದು ಹೋದರು. ಸ್ವಲ್ಪ ಹೊತ್ತಿನಲ್ಲೇ ಒಂಟಿ ಆನೆಯೊಂದು ಲೈನಿನ ಮುಂದಿನಿಂದಲೇ ಹಾದು, ಅವರು ಕೂತಿದ್ದ ಚಾಪೆಯನ್ನು ತುಳಿದುಕೊಂಡು ಕೆರೆಗೆ ಇಳಿಯಿತು. ಮೇಸ್ತ್ರಿ ಅದನ್ನು ಕಂಡಿರಲೇ ಇಲ್ಲ, ಗುಂಡಿ ಒತ್ತಿರಲೇ ಇಲ್ಲ.

ನಾನು ದಿನಚರಿ ತೆರೆದೆ. ಆ ದಿನ ಹನ್ನೊಂದನೇ ಕಂಬ ಒಂದು ಸಲವೂ ಕೂಗಿರಲಿಲ್ಲ. ಸೆಟ್ಟಿಂಗ್ಸ್ ಫೈಲು ತೆರೆದು ನೋಡಿದೆ. ಅಳಿಯನ ದನಿಯ ಹೆಸರೇ ಇತ್ತು. ಡಬ್ಬಿಯಲ್ಲಿ ಬೇರೆ ಯಾವ ಮುದ್ರಣವೂ ಇರಲಿಲ್ಲ.

"ಇಲ್ಲ ಸರ್. ಏನೂ ಇಲ್ಲ."

"ಹಾಗೇ ಅಂದ್ಕೊಂಡೆ," ಅಂದರು ರೈಟರ್. "ಹುಟ್ಟಿದಾಗಿಂದ ತೋಟದಲ್ಲೇ ಇದ್ದವ್ರಲ್ವಾ. ಆನೆ ವಾಸ್ನೆ ಬಂದಿರ್ಬೇಕು."

"ಇರ್ಬೇಕು ಸರ್," ಅಂದೆ.

ಅಜ್ಜಿ ಹೇಗಿದ್ದಾರೆ ಎಂದು ಕೇಳಿದೆ. ಮಲಗಿದ್ದಾರೆ, ನೆಮ್ಮದಿಯಾಗಿದ್ದಾರೆ ಅಂದರು. ಫೋನ್ ಇಟ್ಟ ಮೇಲೆ ನಾನು ಆ ದಿನದ ದಿನಚರಿಯನ್ನು ಬೆಳಗಿನಿಂದ ಇನ್ನೊಮ್ಮೆ, ಸಾಲು ಬಿಡದೆ ಓದಿದೆ.